ಲೆನ್ಸ್ ವೀಕ್ ಅಂದವರ ವಂಶ ಉದ್ಧಾರವಾಗಲಿ!

ವಿಂಡೋಸ್ 10ರ ತಿಥಿ ಮುಗಿದರೂ ಹಳೇ ಕಂಪ್ಯೂಟರ್ ಇರುವ ಮನೆಗಳ ಸೂತಕ ಕಳೆದಿಲ್ಲ. ‘ನಿಮ್ಮ ಪಿಸಿ 11ಕ್ಕೆ ಅರ್ಹವಲ್ಲ’ ಎಂಬ ತೀರ್ಪು ನಿಮಗೂ ಬಂದಿರುತ್ತದೆ. ‘ಮಾವ, ತಲೆ ಕೆಡಿಸ್ಕೋಬೇಡಿ, ಲಿನಕ್ಸ್ ಹಾಕಿಬಿಡೋಣ’ ಎಂದು ನಿಮ್ಮ ಮನೆಯ ಸೋದರಳಿಯನೂ ಅಂದಿರುತ್ತಾನೆ. ನಮ್ಮ ಹಳೇ ಬಯಾಸ್ ಪೆನ್‌ಡ್ರೈವಿನಿಂದ ಬೂಟ್ ಆಗಲು ಒಪ್ಪದೆ ನಮ್ಮ ಅಳಿಯನ ಕೈಲಿ ಅಂಗಡಿಯೊಂದರಲ್ಲಿ ಮಿಂಟ್ ಲಿನಕ್ಸನ್ನು ಡಿವಿಡಿಗೆ ರೈಟ್ ಮಾಡಿಸಿದ್ದಾಯಿತು. ಇನ್‌ಸ್ಟಾಲ್ ಮುಕ್ಕಾಲು ದಾರಿಯಲ್ಲಿ ನಿಂತಿತು. ಪರದೆ ತುಂಬ ‘ಬಫರ್ ಐ/ಓ ಎರರ್’. ರಿಪೇರಿಯವನು ಬಂದ, ತೀರ್ಪು ಕೊಟ್ಟ, ದುಡ್ಡು ಇಸ್ಕೊಂಡು ಹೋದ. ಇನ್ನೊಂದು ಕಡೆಯವರ ವಾದವನ್ನೂ ಕೇಳೋಣವೆಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಶ್ರೀ ಡಿವಿಡಿ ಡ್ರೈವ್ ಅವರನ್ನು ಮಾತಾಡಿಸಿದೆ.

ನಾನು: ನಮಸ್ಕಾರ. ಹೇಗಿದ್ದೀರಿ?

ಡ್ರೈವ್: (ಟಕ್... ಟಕ್... ಕರ್ರ್...) ಹೇಗಿರೋದು ಸ್ವಾಮಿ? ಬಂದವನು ಟ್ರೇ ಕೂಡ ಎಳೆದು ನೋಡಲಿಲ್ಲ, ಚಪ್ಪಲಿ ಬಿಡೋಕೆ ಮುಂಚೆ ‘ಲೆನ್ಸ್ ವೀಕ್ ಆಗಿದೆ ಸಾರ್’ ಅಂದ. ವಿಸಿಡಿ ಕಾಲದಿಂದ ನಮ್ಮ ಕುಲದ ಮೇಲೆ ಇದೊಂದೇ ಆರೋಪ. ಸಿನಿಮಾ ತಡವರಿಸಿದರೆ ಲೆನ್ಸ್ ವೀಕ್, ಡಿಸ್ಕಿನ ಮೇಲೆ ಮಗು ಬಿಸ್ಕತ್ತು ತಿಂದರೂ ಲೆನ್ಸ್ ವೀಕ್. ಯಾವನಾದರೂ ಒಬ್ಬ ಡಿಸ್ಕ್ ವೀಕ್ ಅಂದಿದ್ದಾನಾ?

ನಾನು: ಆದರೆ ಎರರ್ ಇರೋದು ನಿಮ್ಮ ಹೆಸರಲ್ಲೇ. ‘ಎಸ್‌ಆರ್0’ ಅಂತ ಸ್ಪಷ್ಟವಾಗಿದೆ.

ಡ್ರೈವ್: ಎಫ್‌ಐಆರ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಅಪರಾಧಿನಾ? ಅದು ಡಿಸ್ಕ್ ಓದೋಕೆ ಆಗಲಿಲ್ಲ ಅನ್ನುತ್ತೆ. ಯಾಕೆ ಅಂತ ಎಲ್ಲಿ ಹೇಳಿದೆ?

ನಾನು: ಅದೇ ದಿನ ಮಧ್ಯಾಹ್ನ ನಿಮ್ಮಲ್ಲೇ ಸಿನಿಮಾ ಚೆನ್ನಾಗಿ ಓಡಿತಲ್ಲ?

ಡ್ರೈವ್: ಓಡುತ್ತೆ. ಅದು ಕಂಪನಿಯಲ್ಲಿ ಅಚ್ಚು ಹಾಕಿದ ಡಿಸ್ಕ್. ಗುಂಡಿ ಗುಂಡಿಯಾಗೇ ಇರುತ್ತೆ. ನಿಮ್ಮ ಅಳಿಯ ತಂದಿದ್ದು ಲೇಸರ್‌ನಲ್ಲಿ ಬಣ್ಣ ಸುಟ್ಟು ಬರೆದಿದ್ದು. ಅದಿರಲಿ, ಸಿನಿಮಾದಲ್ಲಿ ಒಂದು ಚೂರು ಹೋದರೆ ನಾಯಕಿ ಕೆನ್ನೆ ಮೇಲೆ ಎರಡು ಚೌಕ ಕಾಣಿಸಿ ಮಾಯ ಆಗುತ್ತೆ, ಯಾರೂ ಕೇಳಲ್ಲ. ಇನ್‌ಸ್ಟಾಲ್ ಫೈಲಿನಲ್ಲಿ ಒಂದು ಬಿಟ್ ಹೆಚ್ಚು ಕಮ್ಮಿಯಾದರೂ ಅದು ಒಪ್ಪಲ್ಲ. ಸಣ್ಣಪುಟ್ಟ ಗೀರನ್ನು ನಾನೇ ಲೆಕ್ಕ ಹಾಕಿ ತುಂಬಿಸಿಕೊಡ್ತೀನಿ. ರೀಡ್, ಸಾಲೊಮನ್ ಅನ್ನೋ ಇಬ್ಬರು 1960ರಲ್ಲೇ ಬರೆದಿಟ್ಟ ಗಣಿತ ಅದು. ಲೆಕ್ಕಕ್ಕೂ ಒಂದು ಮಿತಿ ಬೇಡವಾ?

ನಾನು: ಅಂದಹಾಗೆ ನನ್ನ ಹತ್ತಿರ 2004ರ ಲೇಖನಗಳ ಸಿಡಿ ಒಂದಿದೆ. ಎಲ್ಲ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಬದಲು ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಬರ್ತವೆ. ಕನ್ನಡಿಗರು ಹೀಗೆ ಎಷ್ಟು ವರ್ಷ...

ಡ್ರೈವ್: ನನಗೆ ಗುಂಡಿ, ದಿಣ್ಣೆ ಎರಡೇ ಕಾಣೋದು ಸ್ವಾಮಿ. ಅದು ಕನ್ನಡವೋ ಕೊಂಕಣಿಯೋ ನನಗೇನು ಗೊತ್ತು? ಲೆನ್ಸ್ ವಿಷಯಕ್ಕೆ ಬನ್ನಿ. 650 ನ್ಯಾನೋಮೀಟರಿನ ಕೆಂಪು ಬೆಳಕು. ಸುರುಳಿಯ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ 0.74 ಮೈಕ್ರಾನ್ ಅಂತರ. ಒಳಗಿಂದ ಹೊರಗೆ ಓದಿಕೊಂಡು ಹೋಗ್ತೀನಿ, ಬಿಚ್ಚಿ ಹಾಸಿದರೆ ಸುಮಾರು 12 ಕಿಲೋಮೀಟರ್ ದಾರಿ. ಒಳಗಡೆ ಎಲ್ಲ ಚೆನ್ನಾಗಿ ಓದಿದೆ ತಾನೆ? ಬೂಟ್ ಆಯ್ತು, ಬಣ್ಣಬಣ್ಣದ ಪರದೆ ಬಂತು. ಲೆನ್ಸ್ ವೀಕ್ ಆಗಿದ್ದರೆ ಅಷ್ಟಾದರೂ ಬರ್ತಿತ್ತಾ? ಹೊರ ಅಂಚಿಗೆ ಹೋದಾಗಲೇ ಯಾಕೆ ನಿಂತೆ ಹೇಳಿ?

ನಾನು: ಯಾಕೆ?

ಡ್ರೈವ್: ಆ ಅಂಗಡಿಯಲ್ಲಿ ಅವಸರಕ್ಕೆ 16 ಎಕ್ಸ್ ವೇಗದಲ್ಲಿ ಸುಟ್ಟಿದ್ದಾರೆ! ಗೊಂಚಲಿಗೆ ಐವತ್ತು ಬರೋ ಅಗ್ಗದ ಡಿಸ್ಕು, ಬಿಸಿಲಲ್ಲಿ ಒಣಗಿದ್ದು, ಅದರ ಮೇಲೆ ಆ ವೇಗ. ಅಂಚಿಗೆ ಹೋಗ್ತಾ ಹೋಗ್ತಾ ಬರಹ ಕಲಸಿಹೋಗಿದೆ. ಜೊತೆಗೆ ನಿಮ್ಮ ಅಳಿಯ ಅಂಚಿನಲ್ಲೇ ಹಿಡಿದು ತಂದ, ಬೋಂಡ ತಿಂದ ಕೈಯಲ್ಲಿ. ಆಮೇಲೆ ಬನಿಯನ್ನಿನಲ್ಲಿ ಗುಂಡಗೆ ಉಜ್ಜಿದ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ಅಂತ ಯಾರೂ ಹೇಳಿಕೊಡಲ್ಲವಾ? ಅಡ್ಡಗೀರನ್ನು ನಾನು ದಾಟಿಬಿಡ್ತೀನಿ. ಸುರುಳಿಯ ಜೊತೆಗೇ ಓಡೋ ಗೀರನ್ನು ಹೇಗೆ ದಾಟಲಿ?

ನಾನು: ರಿಪೇರಿಯವರಿಗೆ ಇದನ್ನೆಲ್ಲ ಹೇಳಬಹುದಿತ್ತಲ್ಲ?

ಡ್ರೈವ್: ಹೇಳೋಕೆ ಅವನು ಕೇಳಬೇಕಲ್ಲ. ಇಳಿಸಿಕೊಂಡ ಐಎಸ್‌ಓ ಫೈಲಿನ ಚೆಕ್‌ಸಮ್ ತಾಳೆ ನೋಡಿದನಾ? ಡೌನ್‌ಲೋಡಿನಲ್ಲೇ ಕೆಟ್ಟಿದ್ದರೆ ಬ್ರಹ್ಮ ಬಂದು ರೈಟ್ ಮಾಡಿದರೂ ಅಷ್ಟೆ. ಬೇರೆ ಕಂಪ್ಯೂಟರಿನಲ್ಲಿ ಇದೇ ಡಿಸ್ಕ್ ಹಾಕಿ ನೋಡಿದನಾ? ಹಲವು ಲಿನಕ್ಸ್‌ಗಳಲ್ಲಿ ಡಿಸ್ಕ್ ಪರೀಕ್ಷೆಗೇ ಒಂದು ಆಯ್ಕೆ ಇರುತ್ತೆ, ಒತ್ತಿದನಾ? ಹಿಂದೆ ಸಾಟಾ ಕೇಬಲ್ ಸಡಿಲ ಇದೆ, ಮುಟ್ಟಿದನಾ? ಇನ್ನು ಆ ರ‍್ಯಾಮ್ ಮಹಾರಾಯ! ಎಷ್ಟೋ ಸಲ ನಾನು ಸರಿಯಾಗೇ ಓದಿ ಕೊಟ್ಟಿರ್ತೀನಿ. ಮೇಲೆ ಆ ಒತ್ತಿ ಕಟ್ಟಿದ ಫೈಲಿನ ಗಂಟು ಬಿಚ್ಚುವಾಗ ಕೆಟ್ಟ ರ‍್ಯಾಮ್ ಕಲಬೆರಕೆ ಮಾಡುತ್ತೆ. ‘ಸ್ಕ್ವಾಷ್‌ಎಫ್‌ಎಸ್ ಎರರ್’ ಅಂತ ಬಂದರೆ ಎಲ್ಲರೂ ನನ್ನ ಕಡೆ ತಿರುಗ್ತಾರೆ. ಅವನನ್ನು ಕೇಳೋರೇ ಇಲ್ಲ. ಯಾಕೆ ಹೇಳಿ? ಅವನು ಸದ್ದು ಮಾಡಲ್ಲ. ನಾನು ಕರ್ ಅಂತೀನಿ.

ನಾನು: ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಜಾಗವೇ ಇಲ್ಲ. ಬೇಜಾರಿಲ್ಲವೇ?

ಡ್ರೈವ್: ಇಲ್ಲದ ಕಡೆ ಲೆನ್ಸ್ ವೀಕ್ ಅಂತಲಾದರೂ ಅನ್ನಲ್ಲವಲ್ಲ.

ನಾನು: ಉಬುಂಟು ಲಿನಕ್ಸ್ 24.04 ಒಂದು ಪದರದ ಡಿವಿಡಿಯ 4.7 ಜಿಬಿಯಲ್ಲೇ ಹಿಡಿಸುವುದಿಲ್ಲವಂತೆ. ಒಂದು ಕಾಲದಲ್ಲಿ 700 ಎಂಬಿ ಸಿಡಿ ಸಾಕಾಗ್ತಿತ್ತು.

ಡ್ರೈವ್: ಆ ಸಿಡಿ ನೆನಪಿಸಬೇಡಿ! ಶಿಪ್‌ಇಟ್ ಅಂತ, ಕೇಳಿದವರ ಮನೆಗೆ ಅಂಚೆಯಲ್ಲಿ ಬಿಟ್ಟಿ ಕಳಿಸೋರು. 2011ಕ್ಕೆ ನಿಲ್ಲಿಸಿಬಿಟ್ಟರು. ಅಚ್ಚಿನ ಡಿಸ್ಕು, ಗಟ್ಟಿ ಲಕೋಟೆ. ಓದುವಾಗ ಒಂದು ಸಲವೂ ತಡವರಿಸಲಿಲ್ಲ. ಆಗ ಯಾರಾದರೂ ‘ಲೆನ್ಸ್ ಎಷ್ಟು ಸ್ಟ್ರಾಂಗ್’ ಅಂದರಾ? ಊಹೂಂ.

ನಾನು: ಇನ್ನೊಂದು ವಾರ ಹೀಗೇ ಆದರೆ ಇಡೀ ಕಂಪ್ಯೂಟರನ್ನು ಗುಜರಿಗೆ ಹಾಕಿ ಅಂತ ಮನೆಯಲ್ಲಿ ಅಂತಿದ್ದಾರೆ.

ಡ್ರೈವ್: (ಮೌನ.)

ಇಲ್ಲಿ ನಗೆಯಾಟ ಸಾಕು. ಈ ಕಂಪ್ಯೂಟರಿಗೆ ಏನಾಗಿದೆ? ಏನೂ ಆಗಿಲ್ಲ. ಪತ್ರ ಟೈಪ್ ಮಾಡುತ್ತದೆ, ಮಗುವಿನ ಪಾಠ ತೋರಿಸುತ್ತದೆ, ಕರೆಂಟ್ ಬಿಲ್ ಕಟ್ಟುತ್ತದೆ. ವಿಂಡೋಸ್ 10ಕ್ಕೆ ಬೆಂಬಲ ನಿಂತ 2025ರ ಅಕ್ಟೋಬರ್ 14ರಂದು ಇದರಲ್ಲಿ ಒಂದು ಸ್ಕ್ರೂ ಕೂಡ ಸಡಿಲವಾಗಲಿಲ್ಲ. ಹಾಗಿದ್ದೂ ಮರುದಿನದಿಂದ ಇದು ಹಳಸಲು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಎಂಟನೇ ತಲೆಮಾರಿಗಿಂತ ಹಳೆಯದು ಎಂಬ ಕಾರಣಕ್ಕೆ ನಡೆಯುತ್ತಿರುವ ಯಂತ್ರಗಳನ್ನು ಹೊರಗಟ್ಟಿದ್ದಾರೆ. ಹೀಗೆ ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರ್ ಕಸವಾಗಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಆ ಕಸ ತೀರ್ಮಾನ ಮಾಡಿದವರ ಅಂಗಳಕ್ಕೆ ಹೋಗುವುದಿಲ್ಲ. ದಿಲ್ಲಿಯ ಸೀಲಂಪುರದಂಥ ಗಲ್ಲಿಗಳಿಗೆ ಹೋಗುತ್ತದೆ. ಅಲ್ಲಿ ಜನ ಬರಿಗೈಯಲ್ಲಿ ಬೋರ್ಡು ಒಡೆಯುತ್ತಾರೆ, ಆಸಿಡ್‌ನಲ್ಲಿ ಅದ್ದುತ್ತಾರೆ, ತಾಮ್ರಕ್ಕಾಗಿ ವೈರು ಸುಡುತ್ತಾರೆ. ಹೊಗೆ ಕುಡಿಯುವವರಿಗೆ ವಿಂಡೋಸ್ 11 ಅಂದರೇನೆಂದೇ ಗೊತ್ತಿರುವುದಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಂದೋ ಲಿನಕ್ಸಿಗೆ ಹೊರಳಿದವು. ಲಕ್ಷಾಂತರ ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ, ಆಕಾಶ ಕಳಚಿ ಬಿದ್ದಿಲ್ಲ. ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ನಾವು, ಒಂದು ಡಿಸ್ಕ್ ನೆಟ್ಟಗೆ ಬರೆದುಕೊಡುವ ಅಂಗಡಿಗೂ ಗತಿಯಿಲ್ಲದೆ, ಚೆನ್ನಾಗಿರುವುದನ್ನು ತೂಕಕ್ಕೆ ಹಾಕುತ್ತಿದ್ದೇವೆ.

ಡ್ರೈವ್: ...ಮುಗೀತಾ ನಿಮ್ಮ ಭಾಷಣ?

ನಾನು: ಮುಗೀತು. ಈಗ ಏನು ಮಾಡೋಣ ಹೇಳಿ.

ಡ್ರೈವ್: ಒಳ್ಳೇ ಡಿಸ್ಕ್ ಒಂದು ತನ್ನಿ. ಚೆಕ್‌ಸಮ್ ತಾಳೆಯಾದ ಮೇಲೆ 4 ಎಕ್ಸ್‌ನಲ್ಲಿ ರೈಟ್ ಮಾಡಿಸಿ. ಐಎಸ್‌ಓ ಅನ್ನು ಫೈಲಾಗಿ ಕಾಪಿ ಹೊಡೆದು ಕೊಡೋರೂ ಇದ್ದಾರೆ, ಇಮೇಜ್ ಆಗಿ ಬರೆಯೋಕೆ ಹೇಳಿ. ಕೇಬಲ್ ಒತ್ತಿ ಕೂರಿಸಿ. ಇವತ್ತು ರಾತ್ರಿ ಮೆಮ್‌ಟೆಸ್ಟ್ ಓಡಲು ಬಿಡಿ, ರ‍್ಯಾಮ್ ಬಣ್ಣ ಬಯಲಾಗುತ್ತೆ.

ನಾನು: ಅದಕ್ಕೂ ಜಗ್ಗದಿದ್ದರೆ?

ಡ್ರೈವ್: (ತುಸು ತಡೆದು) ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಕಡ್ಡಿ. ಮೆತ್ತಗೆ.

ನಾನು: ಅಂದರೆ ಲೆನ್ಸ್...

ಡ್ರೈವ್: ಧೂಳು! ಧೂಳು ಅಂದೆ. ಬೇರೇನೂ ಬರ್ಕೋಬೇಡಿ.

ನಾನು: ಸರಿ, ಬರೆಯಲ್ಲ. ಕೊನೆಯದಾಗಿ ನನ್ನ ಆಸ್ಕಿ ಫೈಲ್‌ಗಳ ವಿಚಾರ. ಯೂನಿಕೋಡಿಗೆ ಬದಲಾಯಿಸಿದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತೆ, ಒತ್ತಕ್ಷರ ದಾರಿ ತಪ್ಪುತ್ತೆ. ಸರ್ಕಾರಿ ಕಚೇರಿಗಳ ಹಳೇ ಕಡತಗಳೂ ಇದೇ ಪಾಡಿನಲ್ಲಿವೆ. ಇಷ್ಟು ವರ್ಷದ ಕನ್ನಡ ಬರಹಕ್ಕೆ ಯಾರು ಹೊಣೆ? ಯಾವ ಸಮಿತಿ...

ಡ್ರೈವ್: ಆ ಪೆನ್‌ಡ್ರೈವನ್ನು ಕೇಳಿ ಸ್ವಾಮಿ. ಬಯಾಸ್ ಅವನನ್ನು ಒಳಗೇ ಬಿಟ್ಟಿಲ್ಲ, ಸುಮ್ಮನೆ ಕೂತಿರ್ತಾನೆ. ನನಗೆ ಕೆಲಸ ಇದೆ.