ಲಿನಕ್ಸ್–ಲ್ಯಾಪ್‌ಟಾಪ್ ಸಾಲಾವಳಿ ಮೀಮಾಂಸೆ

ಒಂದೇ ಪೆನ್‌ಡ್ರೈವು, ಒಂದೇ ಉಬುಂಟು ಲಿನಕ್ಸು, ಎರಡು ಲ್ಯಾಪ್‌ಟಾಪು. ಒಂದರಲ್ಲಿ ವೈಫೈ, ಸ್ಪೀಕರು, ಟಚ್‌ಪ್ಯಾಡು ಎಲ್ಲವೂ ಕರೆಯುವ ಮೊದಲೇ ಎದ್ದು ನಿಲ್ಲುತ್ತವೆ; ಇನ್ನೊಂದರಲ್ಲಿ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೀಟು ಮಿನುಗುತ್ತ ಕೂರುತ್ತದೆ. ಇದರ ಕಾರಣದ ಬಗ್ಗೆ ಪಂಡಿತರಲ್ಲಿ ಮೂರು ಮತಗಳಿವೆ. ಲಿನಕ್ಸೇ ಸರಿಯಿಲ್ಲ ಎನ್ನುವವರು ವಿಂಡೋಸ್ ಪಂಥದವರು. ಲ್ಯಾಪ್‌ಟಾಪೇ ಸರಿಯಿಲ್ಲ ಎನ್ನುವವರು ಲಿನಕ್ಸ್ ಪಂಥದವರು. ನೀನೇ ಸರಿಯಿಲ್ಲ, ಆರ್ಚ್ ಲಿನಕ್ಸ್ ಹಾಕಬೇಕಿತ್ತು ಎನ್ನುವವರು ಮೂರನೆಯ, ಅತ್ಯುಗ್ರ ಪಂಥದವರು. ಈ ಮೂರನ್ನೂ ಖಂಡಿಸಿ, ಇದು ಮೂಲತಃ ಜಾತಕ ಕೂಡುವ ಪ್ರಶ್ನೆಯೆಂದು ಸ್ಥಾಪಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ಗೋತ್ರವಿಚಾರ. ಲ್ಯಾಪ್‌ಟಾಪಿನ ಚಿಪ್ಪುಗಳನ್ನು ಜೋಡಿಸುವ ಪಿಸಿಐ ಬಸ್ಸಿನಲ್ಲಿ ಕೂತ ಪ್ರತಿಯೊಂದು ಚಿಪ್ಪಿಗೂ ಎರಡು ಸಂಖ್ಯೆಗಳಿರುತ್ತವೆ. ತಯಾರಕರನ್ನು ಹೇಳುವುದು ಗೋತ್ರ, ಚಿಪ್ಪನ್ನು ಹೇಳುವುದು ಪ್ರವರ ಎಂದು ತಿಳಿಯತಕ್ಕದ್ದು. ಇಂಟೆಲ್‌ನ ಗೋತ್ರಸಂಖ್ಯೆ 8086. 1978ರಲ್ಲಿ ಆ ಮನೆಯಿಂದ ಹೊರಬಂದ ಚಿಪ್ಪಿನ ಹೆಸರೂ ಅದೇ. ಮೂಲಪುರುಷನನ್ನು ಮರೆಯದ ಕುಲ. ಬ್ರಾಡ್‌ಕಾಮ್‌ನದು 14ಇ4. ಲಿನಕ್ಸಿನ ತಿರುಳಾದ ಕರ್ನಲ್ ಎದ್ದಕೂಡಲೇ ಈ ಸಂಖ್ಯೆಗಳನ್ನು ಓದಿ, ಅದೇ ಸಂಖ್ಯೆ ಬರೆದುಕೊಂಡಿರುವ ಡ್ರೈವರನ್ನು, ಅಂದರೆ ಚಿಪ್ಪನ್ನು ಮಾತಾಡಿಸಬಲ್ಲ ತಂತ್ರಾಂಶವನ್ನು, ಹುಡುಕುತ್ತದೆ. (ಮನುಷ್ಯರಲ್ಲಿ ಸಗೋತ್ರ ವಿವಾಹ ನಿಷಿದ್ಧ, ಇಲ್ಲಿ ಸಗೋತ್ರವೇ ವಿಹಿತ. ಧರ್ಮಶಾಸ್ತ್ರಜ್ಞರು ಕ್ಷಮಿಸಬೇಕು.) ಸಿಕ್ಕರೆ ಕಂಕಣಬಲ ಕೂಡಿಬಂತು. ಸಿಗದಿದ್ದರೆ ಚಿಪ್ಪು ಇರುವುದು ಕರ್ನಲ್ಲಿಗೆ ಗೊತ್ತು, ಮಾತಾಡಿಸಲು ಬಾರದು.

ಇಲ್ಲೊಂದು ಸೂಕ್ಷ್ಮ. ಒಂದೇ ಮಾಡೆಲ್ ಎಂದು ಮಾರುವ ಎರಡು ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾರ್ಡು ಬೇರೆ ಬೇರೆ ಇರಬಹುದು; ಒಂದರಲ್ಲಿ ಇಂಟೆಲ್, ಇನ್ನೊಂದರಲ್ಲಿ ರಿಯಲ್‌ಟೆಕ್. ಆದ್ದರಿಂದ 'ನಂದ್ರಲ್ಲಿ ಆರಾಮಾಗಿ ಓಡ್ತಿದೆಯಲ್ಲ' ಎಂಬ ಸ್ನೇಹಿತರ ಹೇಳಿಕೆಯನ್ನು ಪ್ರಮಾಣಗಳ ಸಾಲಿಗೆ ಸೇರಿಸಕೂಡದು. ಪಂಚಾಂಗ, ಅಂದರೆ ಕರ್ನಲ್, ಯಾವ ವರ್ಷದ್ದೆಂಬುದನ್ನೂ ನೋಡಬೇಕು. ಲಿನಕ್ಸಿನ ಪ್ರಭೇದಗಳಲ್ಲಿ ಡೆಬಿಯನ್‌ನ ಸ್ಥಿರ ಆವೃತ್ತಿ ಹಳೆಯ ಕರ್ನಲ್ಲನ್ನೇ ನೆಚ್ಚಿಕೊಂಡಿರುತ್ತದೆ, ಫೆಡೋರಾ ಹೊಸದರ ಹಿಂದೆ ಓಡುತ್ತದೆ. ಕರ್ನಲ್ ಹೊರಬಂದ ಮೇಲೆ ಹುಟ್ಟಿದ ಚಿಪ್ಪಿನ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು?

ಡ್ರೈವರ್ ಸಿಕ್ಕಮಾತ್ರಕ್ಕೆ ಮಾಂಗಲ್ಯಧಾರಣೆಯಾಗುವುದಿಲ್ಲ. ಎಷ್ಟೋ ವೈಫೈ ಚಿಪ್ಪುಗಳು ಹುಟ್ಟಾ ಖಾಲಿ ತಲೆಯವು. ಕರೆಂಟು ಬಂದಾಗಲೆಲ್ಲ ಅವುಗಳಿಗೆ ಫರ್ಮ್‌ವೇರ್ ಎಂಬ ಫೈಲನ್ನು ಹೊರಗಿನಿಂದ ತುಂಬಬೇಕು. ಆ ಫೈಲು ಕಂಪನಿಯ ಸ್ವತ್ತು, ಒಳಗೇನಿದೆಯೆಂದು ತೋರಿಸುವುದಿಲ್ಲ. ಮಡಿವಂತ ಡೆಬಿಯನ್ ಅದನ್ನು ಬಹುಕಾಲ ತನ್ನ ಅಧಿಕೃತ ಇನ್‌ಸ್ಟಾಲರಿನ ಹೊಸಿಲು ದಾಟಗೊಡಲಿಲ್ಲ. ಪರಿಣಾಮ ಇದು: ಫರ್ಮ್‌ವೇರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಫರ್ಮ್‌ವೇರ್ ಬೇಕು. ತಾರ್ಕಿಕರು ಇದನ್ನು ಚಕ್ರಕ ದೋಷವೆಂದರು. ನಮ್ಮ ಹಳ್ಳಿಯವರು, ಹುಚ್ಚು ಬಿಡೋ ತನಕ ಮದುವೆಯಾಗಲ್ಲ, ಮದುವೆಯಾಗೋ ತನಕ ಹುಚ್ಚು ಬಿಡಲ್ಲ ಎಂದರು. ಹಳ್ಳಿಯವರ ಲಕ್ಷಣವೇ ಹೆಚ್ಚು ನಿರ್ದುಷ್ಟವೆಂದು ಈ ಲೇಖಕನ ಮತ. 2022ರಲ್ಲಿ ಡೆಬಿಯನ್ ಸದಸ್ಯರು ಓಟು ಹಾಕಿ ಮಡಿ ಸಡಿಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಆ ಫೈಲುಗಳು ಇನ್‌ಸ್ಟಾಲರಿನ ಜೊತೆಗೇ ಬರುತ್ತಿವೆ. ಅಲ್ಲಿಯವರೆಗೆ ಒಂದೇ ಲ್ಯಾಪ್‌ಟಾಪಿನಲ್ಲಿ ಉಬುಂಟು ನಡೆದು ಡೆಬಿಯನ್ ಮುಗ್ಗರಿಸಿದರೆ, ಎಷ್ಟೋ ಸಲ ಅದರ ಗುಟ್ಟು ಇಷ್ಟೇ.

ಇನ್ನು ಈ ಶಾಸ್ತ್ರದ ಅತ್ಯಂತ ರಸವತ್ತಾದ ಪ್ರಕರಣ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೊಶಿಬಾ ಸೇರಿ ಎಸಿಪಿಐ ಎಂಬ ಧರ್ಮಸೂತ್ರವನ್ನು ಪ್ರಕಟಿಸಿದವು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬುದನ್ನೆಲ್ಲ ಬಯೋಸ್ (ಲ್ಯಾಪ್‌ಟಾಪನ್ನು ಎಬ್ಬಿಸುವ ತಂತ್ರಾಂಶ) ಬರೆಯುವವರು ಅದರ ಪ್ರಕಾರ ಕೋಷ್ಟಕಗಳಲ್ಲಿ ತುಂಬಿಡುತ್ತಾರೆ. ಆ ಕೋಷ್ಟಕ ಬಂದವರ ಕುಲ ಕೇಳುತ್ತದೆ: ನೀನು ಇಂಥ ವಿಂಡೋಸೇ? ಹೌದಾದರೆ ಹೀಗೆ, ಅಲ್ಲವಾದರೆ ಹಾಗೆ. ಮೊದಮೊದಲು 'ನೀನು ಲಿನಕ್ಸೇ?' ಎಂದವರಿಗೆ ಲಿನಕ್ಸ್ ಹೌದೆಂದು ಸತ್ಯವನ್ನೇ ನುಡಿಯುತ್ತಿತ್ತು. ಸತ್ಯಕ್ಕೆ ಸಿಕ್ಕ ಬಹುಮಾನ, ಯಾರೂ ಸರಿಯಾಗಿ ಪರೀಕ್ಷಿಸದ ಕೋಡು. ಏಕೆಂದರೆ ಕಾರ್ಖಾನೆಯಲ್ಲಿ ಓಡಿಸಿ ನೋಡಿದ್ದು ವಿಂಡೋಸನ್ನು ಮಾತ್ರ. 2007ರ 2.6.23ನೇ ಕರ್ನಲ್ಲಿನಿಂದ ಲಿನಕ್ಸ್ ಹರಿಶ್ಚಂದ್ರನ ದಾರಿ ಬಿಟ್ಟಿತು. ಈಗ ಬಯೋಸ್ ಯಾವ ವಿಂಡೋಸಿನ ಹೆಸರೆತ್ತಿದರೂ 'ಹೌದು, ನಾನೇ' ಎನ್ನುತ್ತದೆ. ಲಿನಕ್ಸಾ ಎಂದು ಕೇಳಿದರೆ ಮಾತ್ರ 'ಅಲ್ಲ' ಎನ್ನುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದವರು ಮನುಷ್ಯರಲ್ಲೂ ವಿರಳ. ಸುಳ್ಳು ಒಮ್ಮೊಮ್ಮೆ ಬಯಲಾಗುವುದೂ ಉಂಟು. ಬಂದದ್ದು ವಿಂಡೋಸ್ 8 ಎಂದೇ ನಂಬಿದ ಹಲವು ಲ್ಯಾಪ್‌ಟಾಪುಗಳು ಪರದೆಯ ಬೆಳಕಿನ ಹೊಣೆಯನ್ನು ಅದಕ್ಕೇ ಒಪ್ಪಿಸಿ ಕೈತೊಳೆದುಕೊಂಡವು. ಬ್ರೈಟ್‌ನೆಸ್ ಕೀಲಿಗಳನ್ನು ಎಷ್ಟು ಕುಟ್ಟಿದರೂ ಬೆಳಕು ಜಗ್ಗಲಿಲ್ಲ.

ಗ್ರಾಫಿಕ್ಸ್ ಚಿಪ್ಪಿನ ಕಂಪನಿ ಎನ್ವಿಡಿಯಾದ ಪ್ರಕರಣ ಸುಪ್ರಸಿದ್ಧವಾದ್ದರಿಂದ ಚುಟುಕಾಗಿ ಮುಗಿಸುತ್ತೇನೆ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್, ಲಿನಕ್ಸಿಗೆ ಸಹಕರಿಸದ ಆ ಕಂಪನಿಯನ್ನು ಉದ್ದೇಶಿಸಿ ಕ್ಯಾಮೆರಾದತ್ತ ಎತ್ತಿದ ನಡುಬೆರಳು ಈ ಶಾಸ್ತ್ರದಲ್ಲಿ ಅಂಗೀಕೃತವಾದ ಏಕೈಕ ಮುದ್ರೆ. 2022ರಲ್ಲಿ ಎನ್ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗದ ಕೋಡನ್ನು ತೆರೆದಿಟ್ಟಿತು. ಎರಡರ ನಡುವೆ ಕಾರ್ಯಕಾರಣ ಸಂಬಂಧ ಕಲ್ಪಿಸುವ ಧೈರ್ಯ ನನಗಿಲ್ಲ.

ವರನಾದ ಲಿನಕ್ಸಿನ ಕಡೆ ದೋಷವೇ ಇಲ್ಲವೆಂದರೆ ಪಕ್ಷಪಾತವಾದೀತು. ಉಬುಂಟು 17.10 ಕೆಲವು ಲೆನೊವೊ ಲ್ಯಾಪ್‌ಟಾಪುಗಳ ಬಯೋಸನ್ನೇ ಕೆಡಿಸಿದ್ದರಿಂದ 2017ರ ಡಿಸೆಂಬರಿನಲ್ಲಿ ಅದರ ಡೌನ್‌ಲೋಡನ್ನು ಹಿಂತೆಗೆಯಬೇಕಾಯಿತು. ಆದರೂ ಒಟ್ಟು ಲೆಕ್ಕದಲ್ಲಿ ಹೆಚ್ಚಿನ ಅಪರಾಧ ಜಾತಕ ಬಚ್ಚಿಟ್ಟವರದೇ. ಚಿಪ್ಪು ಮಾರುಕಟ್ಟೆಗೆ ಬರುವ ಮೊದಲೇ ಡ್ರೈವರ್ ಬರೆದು ಕರ್ನಲ್ಲಿಗೆ ಒಪ್ಪಿಸಿದವರ ಚಿಪ್ಪು ಸಲೀಸಾಗಿ ನಡೆಯುತ್ತದೆ. ದಾಖಲೆ ಕೊಡದವರ ಚಿಪ್ಪಿನ ಗುಣವನ್ನು ಯಾರೋ ಪುಣ್ಯಾತ್ಮರು ಬಿಡುವಿನ ವೇಳೆಯಲ್ಲಿ ಕೆದಕಿ ಕೆದಕಿ ಕಂಡುಹಿಡಿಯಬೇಕು. ಬೈಗುಳ ಮಾತ್ರ ಲಿನಕ್ಸಿಗೇ.

ಆದಕಾರಣ, ಕೊಳ್ಳುವವರೇ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ವೈಫೈ ಹಿಡಿಯುತ್ತದೆಯೇ, ಸ್ಪೀಕರು ಉಲಿಯುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ ನೋಡಿ. ಅಂಗಡಿಯವರು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.