ಬಿಎಫ್‌ಸಿ ಕಾಕಾ

ಸೋಲುವ ತಂಡದ ಅಭಿಮಾನಿಗಳಲ್ಲಿ ಎರಡು ಜಾತಿ. ಸೋತ ಕೂಡಲೇ ಟಿವಿ ಬಂದ್ ಮಾಡಿ ಮಲಗುವವರು ಒಂದು ಜಾತಿ. ಇವರಿಂದ ಲೋಕಕ್ಕೆ ತೊಂದರೆಯಿಲ್ಲ. ಸೋಲಿಗೆ ಕಾರಣ ಹುಡುಕುತ್ತ ಹೋಗಿ, ಆ ಕಾರಣ ತಮ್ಮ ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದೆ ಎಂದು ಕಂಡುಕೊಳ್ಳುವವರು ಇನ್ನೊಂದು ಜಾತಿ. ದಾಂಡೇಲಿಯ ನಮ್ಮ ಬಿಎಫ್‌ಸಿ ಕಾಕಾ ಎರಡನೆಯ ಜಾತಿಗೆ ಸೇರಿದವರು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವನು ನಾನು.

ಕಾಕಾ ಪೇಪರ್ ಮಿಲ್ಲಿನಿಂದ ನಿವೃತ್ತರಾದವರು. ಲುಂಗಿಯ ಮೇಲೆ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ನೀಲಿ ಜೆರ್ಸಿ ಹಾಕಿಕೊಂಡು ಸಂತೆಗೆ ಹೋಗುತ್ತಾರೆ. ಅವರ ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವುದು, ಏಕಾದಶಿ ಯಾವುದು ಎಂದು ತಿಳಿಯುವುದಿಲ್ಲ. ಚೌಕದ ತುಂಬ ಅಂಕಗಳ ಲೆಕ್ಕ. ಆರ್‌ಸಿಬಿ ಸುದ್ದಿ ಎತ್ತಿದರೆ, "ಅದು ಕ್ರಿಕೆಟ್ಟು ಬಿಡ್ರಿ, ನಡುವ ಜಾಹೀರಾತು ನೋಡೂದು" ಎನ್ನುತ್ತಾರೆ. ಗೋವಾ ದಾರಿಯ ರಾಮನಗರದ ಕಡೆ ಹೋದರೆ ಅಲ್ಲಿ ಎಫ್‌ಸಿ ಗೋವಾ ಅಭಿಮಾನಿಗಳು ಸಿಗುತ್ತಾರೆ. ಅವರ ಮುಂದೆ ಕಾಕಾ ಬೇರೇನೂ ಹೇಳುವುದಿಲ್ಲ. "2019, ಮುಂಬೈ, 117ನೇ ಮಿನಿಟು, ರಾಹುಲ್ ಭೇಕೆ" ಎಂದಷ್ಟೇ ಹೇಳಿ ಬಿಲ್ಲು ಕೊಟ್ಟು ಹೊರಡುತ್ತಾರೆ. ಆ ಫೈನಲ್ ಗೋಲಿನ ನಿಮಿಷ ನೆನಪಿರುವ ಇವರಿಗೆ ತಮ್ಮ ಮದುವೆಯ ವರ್ಷ ನೆನಪಿಲ್ಲ ಎನ್ನುವುದು ಅವರ ಹೆಂಡತಿ ಕಾಕುವಿನ ತಕರಾರು.

ತಂಡ 2013ರಲ್ಲಿ ಹುಟ್ಟಿತು, ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. ಆ ದಿನಗಳಲ್ಲಿ ಕಾಕಾನ ಗತ್ತು, ಪ್ರತಿ ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾಗುವ ಮಗನ ಅಪ್ಪನ ಗತ್ತು. 2022ರ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಬಂದಾಗ ಓಣಿಗೆಲ್ಲ ಧಾರವಾಡ ಪೇಡೆ ಹಂಚಿದರು. ಆ ವರ್ಷದ ಐಎಸ್‌ಎಲ್ ಲೀಗ್ ಶುರುವಾದದ್ದು ಅದಾದ ಮೇಲೆ. ಮುಂಬೈ ಎದುರು 0-4, ಹೈದರಾಬಾದ್ ಎದುರು 0-3. ಡಿಸೆಂಬರ್ ಮುಗಿಯುವಾಗ 12 ಪಂದ್ಯಗಳಲ್ಲಿ ಎಂಟು ಸೋಲು, ಕೈಯಲ್ಲಿ 10 ಅಂಕ. ಪೇಡೆ ತಿಂದವರು ಒಬ್ಬೊಬ್ಬರಾಗಿ ಕಾಕಾನ ಮನೆಗೆ ಬರುವುದನ್ನು ಬಿಟ್ಟರು. ನನ್ನ ಮನೆಯಲ್ಲಿ ಟಿವಿ ಕೆಟ್ಟಿತ್ತು, ನಾನು ಬಿಡಲಿಲ್ಲ.

2023ರ ಜನವರಿ 6ರಂದು ಪಂದ್ಯ ಗುವಾಹಟಿಯಲ್ಲಿ, ನಾರ್ತ್‌ಈಸ್ಟ್ ಯುನೈಟೆಡ್ ಎದುರು. ನಡುವೆ ನನಗೊಂದು ಫೋನ್ ಬಂತು. ಒಳಗೆ ನೆಟ್‌ವರ್ಕ್ ಸಿಗದೆ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದಾಗ ಒಳಗಿಂದ ಹಂಚು ಹಾರುವಂಥ ಕೂಗು ಕೇಳಿತು. ಬೆಂಗಳೂರು ಗೋಲು ಹೊಡೆದಿತ್ತು. ನೋಡೋಣವೆಂದು ಹೊಸ್ತಿಲಿಗೆ ಬಂದರೆ ಕಾಕಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ಮಾಸ್ತರ, ಅಲ್ಲೇ ನಿಂದರ್ರಿ. ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ಲ. ನೀವು ಹೊರಗ ಹ್ವಾದ್ರಿ, ಗೋಲ್ ಬಿತ್ತು. ಅಷ್ಟ."

ಪಂದ್ಯ 2-1ರಿಂದ ಗೆದ್ದದ್ದೇ ತಡ, ನನ್ನ ಹಣೆಬರಹ ನಿಶ್ಚಯವಾಯಿತು. ಮುಂದಿನ ಪಂದ್ಯಕ್ಕೆ ಹೋದರೆ ಅಂಗಳದಲ್ಲಿ ನನಗೆಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು, ಸೊಳ್ಳೆ ಬತ್ತಿ ಹಚ್ಚಿತ್ತು. ಒಡಿಶಾ 3-1, ಜಮ್ಶೆಡ್‌ಪುರ 3-0, ಚೆನ್ನೈಯಿನ್ 3-1. ಒಂದನ್ನೂ ನಾನು ನೋಡಲಿಲ್ಲ, ಎಲ್ಲವನ್ನೂ ಕೇಳಿದೆ. ಜನವರಿಯ ದಾಂಡೇಲಿಯ ಥಂಡಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತ ನನಗೆ ಕಾಕು ಕಿಟಕಿಯಿಂದ ಚಹಾ ಕೊಡುತ್ತಿದ್ದರು. "ತಮ್ಮಾ, ಒಳಗ ಬಾ ಅಂದ್ರ ನನ್ನೂ ಹೊರಗ ಹಾಕ್ತಾರ" ಎಂದು ಪಿಸುಗುಟ್ಟುತ್ತಿದ್ದರು. ಎದುರು ಮನೆಯವರು, ಮಾಸ್ತರರು ಸಾಲ ವಸೂಲಿಗೆ ಪಟ್ಟು ಹಿಡಿದು ಕೂತಿದ್ದಾರೆಂದು ತಿಳಿದರು. ಮೋಹನ್ ಬಗಾನ್, ಕೇರಳ, 18 ಪಂದ್ಯ ಸೋಲದೆ ಬಂದಿದ್ದ ಮುಂಬೈ, ಕೊನೆಗೆ ಗೋವಾ: ಸಾಲಾಗಿ ಎಂಟು ಗೆಲುವು, 34 ಅಂಕ, ನಾಲ್ಕನೆಯ ಸ್ಥಾನ. ಪತ್ರಿಕೆಗಳು ಕೋಚ್ ಸೈಮನ್ ಗ್ರೇಸನ್ ಅವರನ್ನು ಹೊಗಳಿದವು, ಶಿವಶಕ್ತಿ ನಾರಾಯಣನ್ ಕಾಲನ್ನು ಹೊಗಳಿದವು. ಕುರ್ಚಿಯ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ.

ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್. ಆ ರಾತ್ರಿ ಅಂಗಳದಲ್ಲಿ ನನ್ನ ಜೀವ ಅರ್ಧವಾಯಿತು. ಹೆಚ್ಚುವರಿ ಸಮಯದಲ್ಲಿ ಒಳಗಿಂದ ಒಂದು ಭಯಂಕರ ಕೂಗು, ಆಮೇಲೆ ನಿಶ್ಶಬ್ದ. ಒಂದು ನಿಮಿಷವಲ್ಲ, ಎರಡು ನಿಮಿಷವಲ್ಲ. ಕಾಕಾನ ಬಿಪಿ ಗುಳಿಗೆ ನೆನಪಾಗಿ ನಾನು ಒಳಗೆ ನುಗ್ಗಿದೆ. ಕಾಕಾ ಬಾಯಿ ತೆರೆದು ಟಿವಿ ನೋಡುತ್ತಿದ್ದರು. ಕೇರಳದವರು ಗೋಡೆ ಕಟ್ಟುವ ಮೊದಲೇ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದರು, ರೆಫರಿ ಸರಿ ಅಂದಿದ್ದರು, ಕೇರಳದ ಕೋಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನ ಬಿಟ್ಟು ಹೋಗಿದ್ದರು! ಮುಂದೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ ಬಿತ್ತು. ಕಾಕಾ ಮಾತ್ರ ಇವತ್ತಿಗೂ ಯಾವ ಹೋಟೆಲಿನಲ್ಲಿ ಕೂತರೂ ಟೇಬಲ್ಲಿನ ಚಹಾ ಗ್ಲಾಸುಗಳನ್ನೆಲ್ಲ ಎಳೆದುಕೊಂಡು ಆ ಫ್ರೀ ಕಿಕ್ ತೋರಿಸುತ್ತಾರೆ. ನನ್ನ ಗ್ಲಾಸು ಯಾವಾಗಲೂ ಕೇರಳದ ಗೋಲಿ. "ಮುಟ್ಟಬ್ಯಾಡ್ರಿ ಮಾಸ್ತರ, ಅಂವ ಇನ್ನೂ ಜಾಗಾಕ್ಕ ಬಂದಿಲ್ಲ" ಎನ್ನುತ್ತಾರೆ. ಅವನು ಜಾಗಕ್ಕೆ ಬರುವ ಹೊತ್ತಿಗೆ ಚಹಾ ಆರಿರುತ್ತದೆ.

ಸೆಮಿಫೈನಲ್ಲಿನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ರಿಂದ ಸೋಲಿಸಿದ್ದಾಯಿತು. ಮಾರ್ಚ್ 18ರ ಫೈನಲ್ ಎಲ್ಲಿ? ಗೋವಾದ ಫತೋರ್ಡಾದಲ್ಲಿ. ಬೆಂಗಳೂರಿನವರಿಗೆ ಅದು ದೂರ, ನಮಗೆ ಜಗಲಬೇಟ, ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಮುಗಿಯಿತು. ಕಾಕಾ ಒಂದು ಟ್ರ್ಯಾಕ್ಸ್ ಗೊತ್ತು ಮಾಡಿದರು. ಹಳಿಯಾಳದ ಒಬ್ಬ ಹಳೇ ಪೈಲ್ವಾನರು ಬಂದರು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಒಬ್ಬ ಹುಡುಗ ಬಂದ. ದಲೈ ಲಾಮಾ ಅವರ ತಾಯಿಯ ಹೆಸರಿನ ಗೋಲ್ಡ್ ಕಪ್ ನೋಡುತ್ತ ಬೆಳೆದವನು, ಗಾಡಿಯಲ್ಲಿ ಆಟ ನಿಜವಾಗಿ ತಿಳಿದವನು ಅವನೊಬ್ಬನೇ. ಆದ್ದರಿಂದಲೋ ಏನೋ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಸ್ಟೇಡಿಯಮ್ಮಿನಲ್ಲಿ ಅಂಗಳ ಎಲ್ಲಿಂದ ಬರಬೇಕು? ಕಾಕಾ ಅದಕ್ಕೂ ಉಪಾಯ ಮಾಡಿದ್ದರು. "ಮಾಸ್ತರ, ನೀವು ಮೈದಾನಕ್ಕ ಬೆನ್ನ ಮಾಡಿ ನಿಂದರ್ರಿ." ಟಿಕೆಟ್ ಅವರೇ ತೆಗೆಸಿದ್ದರಿಂದ ನಾನು ಹಾಗೇ ನಿಂತೆ. ಎಟಿಕೆ ಮೋಹನ್ ಬಗಾನ್ ಎದುರಿನ ಆ ಫೈನಲ್ಲನ್ನು ನಾನು ನೋಡಿದ್ದು ಕಾಕಾನ ಮುಖದಲ್ಲಿ. ಪೆಟ್ರಾಟೋಸ್ ಪೆನಾಲ್ಟಿ ಗೋಲಾದಾಗ ಆ ಮುಖಕ್ಕೆ ಒಮ್ಮೆಲೇ ವಯಸ್ಸಾಯಿತು. ವಿರಾಮದ ಮುಂಚೆ ಚೆಟ್ರಿ ಪೆನಾಲ್ಟಿಯಿಂದಲೇ ಸಮ ಮಾಡಿದಾಗ ಹುಬ್ಬು ಮೇಲೆದ್ದವು. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೆಡ್ಡರ್ ಒಳಗೆ ಹೋದಾಗ, ಮಿಲ್ಲಿನ ಯೂನಿಯನ್ ಸಭೆಗಳಲ್ಲೂ ಅಳುಕದ ಆ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. 85ನೇ ನಿಮಿಷದಲ್ಲಿ ಗದ್ದಲ ಎದ್ದು ನನ್ನ ಕತ್ತು ತಾನೇ ಹೊರಳಿತು. ಪೆಟ್ರಾಟೋಸ್ ಇನ್ನೊಂದು ಪೆನಾಲ್ಟಿ ಹೊಡೆದು 2-2 ಮಾಡಿದ್ದ. ಶೂಟೌಟಿನಲ್ಲಿ 4-3ರಿಂದ ಸೋತೆವು. "ನಮ್ಮ ಕುಸ್ತಿ ಛಲೋ. ಬೆನ್ನ ಮಣ್ಣಿಗೆ ಹತ್ತಿದ್ರ ಮುಗೀತು. ಇಲ್ಲಿ ನಾಲ್ಕ ಗೋಲಿನ್ಯಾಗ ಮೂರು ಪೆನಾಲ್ಟಿ!" ಎಂದರು ಪೈಲ್ವಾನರು. ಕತ್ತಿನ ಲೆಕ್ಕವನ್ನು ಕಾಕಾ ನನಗೆ ಇನ್ನೂ ಚುಕ್ತಾ ಮಾಡಿಲ್ಲ.

ಮುಂದಿನ ಹಂಗಾಮಿನಲ್ಲಿ ತಂಡ 12ರಲ್ಲಿ ಹತ್ತನೆಯದಾಯಿತು. ನನ್ನನ್ನು ಒಳಗೆ ಕೂರಿಸಿ ನೋಡಿದರು, ಹೊರಗೆ ಕೂರಿಸಿ ನೋಡಿದರು, ಏನೂ ನಡೆಯಲಿಲ್ಲ. ಆದರೂ ಒಂದು ಪಂದ್ಯ ಬಿಡಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ದಾಂಡೇಲಿಯಲ್ಲಿ ಅದನ್ನು ಕೇಳುವ ಅಗತ್ಯವೂ ಇಲ್ಲ. ಪ್ಲೈವುಡ್ ಕಾರ್ಖಾನೆ ಬಾಗಿಲು ಹಾಕಿದ್ದನ್ನು, ಫೆರೋ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಊರು ಇದು. ಆಗ ಗಂಟು ಕಟ್ಟಿ ಹುಬ್ಬಳ್ಳಿಗೆ, ಗೋವಾಕ್ಕೆ ಹೋದವರು ಜಾಣರು. ಇಲ್ಲೇ ಉಳಿದು ನಾಳೆ ಸರಿಯಾಗುತ್ತದೆ ಎಂದವರಿಂದ ಊರು ಊರಾಗಿ ಉಳಿಯಿತು. ಕಾಕಾನ ಗೆಳೆಯರಲ್ಲಿ ಬಹಳ ಜನ ಈ ಎರಡನೆಯವರೇ.

2025ರ ಏಪ್ರಿಲ್ 6ರಂದು ಅದೇ ಫತೋರ್ಡಾದಲ್ಲಿ ಗೋವಾ ಎದುರು ಸೆಮಿಫೈನಲ್. 40 ವರ್ಷದ ಚೆಟ್ರಿ ಕೊನೆಯ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ತಂಡವನ್ನು ಮತ್ತೆ ಫೈನಲ್ಲಿಗೆ ಒಯ್ದರು. ಕೋಲ್ಕತ್ತಾದ ಆ ಫೈನಲ್ಲಿನಲ್ಲಿ ಮತ್ತೆ ಮೋಹನ್ ಬಗಾನ್, ಮತ್ತೆ ಸೋಲು, 2-1. ಆದರೂ ರಾಮನಗರದವರಿಗೆ ಹೇಳಲು ಕಾಕಾಗೆ ಏಪ್ರಿಲ್ 6 ಎಂಬ ಇನ್ನೊಂದು ತಾರೀಖು ಸಿಕ್ಕಿತು.

ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ತಂಡ ಗೆದ್ದ ರಾತ್ರಿ ಅವರ ಮನೆಗೆ ಊರೆಲ್ಲ ಹೋಗುತ್ತದೆ, ಪೇಡೆಯೂ ಸಿಗುತ್ತದೆ. ನೀವು ಸೋತ ರಾತ್ರಿ ಹೋಗಿ. ಹೋಗುವಾಗ ಮಫ್ಲರ್ ಒಯ್ಯಿರಿ.