ಫಿನ್‌ಲ್ಯಾಂಡ್ ಮಾದರಿ

“ಮೇಷ್ಟ್ರೇ, ನಾಳೆಯಿಂದ ನಿಮ್ಮ ಶಾಲೆ ಫಿನ್‌ಲ್ಯಾಂಡ್ ಮಾದರಿ!” ಅಧ್ಯಯನ ಪ್ರವಾಸ ಮುಗಿಸಿ ಬಂದ ಸಾಹೇಬರು ಹೇಳಿದರು. (ಅಧ್ಯಯನದ ಫೋಟೊಗಳಲ್ಲೆಲ್ಲ ಹಿಮವೇ ಇತ್ತು.)

“ಆಗ್ಲಿ ಸಾರ್. ಅಲ್ಲಿ 7 ವರ್ಷಕ್ಕೆ ಒಂದನೇ ಕ್ಲಾಸಂತೆ?”

“ಅದು ಬಿಡಿ, ಪೋಷಕರು ಒಪ್ಪಲ್ಲ.”

“45 ನಿಮಿಷ ಪಾಠ, 15 ನಿಮಿಷ ಆಟ?”

“ಮೈದಾನದಲ್ಲಿ ಪಂಚಾಯ್ತಿ ಟ್ಯಾಂಕ್ ಕಟ್ಟಿದೆಯಲ್ರೀ!”

“ಹೇಗೆ ಕಲಿಸಬೇಕು ಅನ್ನೋದು ಮೇಷ್ಟ್ರಿಗೇ ಬಿಟ್ಟಿದ್ದಂತೆ.”

“ನಿಮಗೂ ಬಿಟ್ಟಿದ್ದೀವಿ. ಮೊಟ್ಟೆ ಲೆಕ್ಕ, ಗಣತಿ, ಮತದಾರರ ಪಟ್ಟಿ ಎಲ್ಲ ಮುಗಿಸಿ, ಆರಾಮಾಗಿ ಕಲಿಸಿ.”

“9ನೇ ತರಗತಿವರೆಗೂ ಪಬ್ಲಿಕ್ ಪರೀಕ್ಷೆಯೇ ಇಲ್ವಂತೆ ಸಾರ್?”

“ಹಾಂ, ಅದೇ ಮುಖ್ಯ! ಪರೀಕ್ಷೆ ಇಲ್ಲದ ಕಲಿಕೆ ಮಕ್ಕಳಿಗೆ ಎಷ್ಟು ಅರ್ಥವಾಗಿದೆ ಅಂತ ಶನಿವಾರ ಒಂದು ಪರೀಕ್ಷೆ ಇಡಿ. ಸಂಜೆ ಐದರೊಳಗೆ ಅಂಕ ಅಪ್‌ಲೋಡ್ ಆಗಿರಬೇಕು. ಆಗದಿದ್ರೆ ನೋಟಿಸು!”